ಪರರ ನೆಲದ ದಾರಿಯೂ ಅಚೌರ್ಯ ವ್ರತವೂ

ಅಚೌರ್ಯ ಅಣುವ್ರತವೆಂದೊಡನೆ ವ್ಯಾಪಾರ ವೃತ್ತಿಯವರಾದ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ತಕ್ಕಡಿ ಮತ್ತು ತೂಕದ ಬಟ್ಟುಗಳು. ಇದು ಸಹಜವೇ ಆಗಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿರುವ ಐದು ಅತಿಚಾರಗಳೂ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹತ್ತಿರದವೇ. ಆದ್ದರಿಂದ ಅಂಗಡಿಯ ಬಾಗಿಲು ಹಾಕಿದ ಮೇಲೆ ಈ ವ್ರತದ ಕೆಲಸವೂ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ಚೌರ್ಯದ ಲಕ್ಷಣವನ್ನು ಹೇಳುವಲ್ಲಿ ಅದೇ ಆಚಾರ್ಯರು ಹಣವೆಂದಾಗಲೀ ವಸ್ತುವೆಂದಾಗಲೀ ಹೇಳಿಲ್ಲ. ಅದತ್ತಾದಾನ, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದು ಎಂದಷ್ಟೇ ಹೇಳಿದ್ದಾರೆ. ಕೊಡಬಹುದಾದದ್ದೆಲ್ಲವೂ ಈ ಮಾತಿನ ವ್ಯಾಪ್ತಿಗೆ ಬರುತ್ತದೆ. ನಡೆಯುವ ದಾರಿ, ಕೂರುವ ನೆರಳು, ಒಂದು ಮನೆಯವರ ಮಧ್ಯಾಹ್ನದ ನೆಮ್ಮದಿ ಇವೂ ಒಬ್ಬರು ಕೊಡಬಹುದಾದವು, ಇನ್ನೊಬ್ಬರು ಕೇಳದೆ ತೆಗೆದುಕೊಳ್ಳಬಹುದಾದವು.

ಈಚಿನ ವರ್ಷಗಳಲ್ಲಿ ನಮ್ಮ ತೀರ್ಥಯಾತ್ರೆಗಳೊಡನೆ ಒಂದು ಹೊಸ ರೂಢಿ ಸೇರಿಕೊಂಡಿದೆ. ಬಸದಿಗಳ ದರ್ಶನ ಮುಗಿಸಿ ಹಿಂದಿರುಗುವಾಗ ಬೆಟ್ಟದ ನಡುವಿನ ಯಾವುದಾದರೊಂದು ಜಲಪಾತವನ್ನು ನೋಡಿ ಬರಬೇಕೆಂದು ಯುವಕರು ಹಟ ಹಿಡಿಯುತ್ತಾರೆ. ಅವರನ್ನು ದೂರುವಂತಿಲ್ಲ. ಬಂಗಾರಪೇಟೆಯ ಸುತ್ತಿನವರಾದ ನಮಗೆ ಹರಿಯುವ ನೀರೇ ಒಂದು ಸೋಜಿಗ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ನದಿಯ ನೀರನ್ನು ಬೇತಮಂಗಲದಲ್ಲಿ ತಡೆದು ಚಿನ್ನದ ಗಣಿಗಳ ಊರಿಗೆ ಕೊಳವೆಯಲ್ಲಿ ಕಳುಹಿಸಿದ ಕಾಲದಿಂದ ನಮ್ಮ ಮಕ್ಕಳು ಕೆರೆ, ಕೊಳವೆ, ಟ್ಯಾಂಕರುಗಳ ಮೂಲಕವೇ ನೀರನ್ನು ಬಲ್ಲರು. ಕೋಲಾರದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ಸಣ್ಣ ಧಾರೆಯನ್ನು ನೋಡಲು ನಾವು ಮೆಟ್ಟಿಲುಗಳನ್ನು ಹತ್ತಿ ಹೋಗುತ್ತೇವೆ. ಇಂತಹವರಿಗೆ ಪಶ್ಚಿಮ ಘಟ್ಟದ ಅಬ್ಬಿಯ ಸದ್ದು ದೂರದಿಂದ ಕೇಳಿದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ.

ತೊಡಕಿರುವುದು ದಾರಿಯಲ್ಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಖಾಸಗಿ ಸ್ವತ್ತಲ್ಲದ ನದಿ, ಹಳ್ಳ, ತೊರೆಗಳು ರಾಜ್ಯ ಸರ್ಕಾರಕ್ಕೆ ಸೇರಿದವು. ಆದರೆ ಆ ನೀರಿನ ಬಳಿಗೆ ಹೋಗುವ ಕಾಲುದಾರಿ ಎಷ್ಟೋ ಕಡೆ ಒಬ್ಬರ ಅಡಕೆ ತೋಟದ ನಡುವೆಯೋ ಕಾಫಿ ತೋಟದ ಅಂಚಿನಲ್ಲಿಯೋ ಸಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹೊಲದ ಬದು ಕಣ್ಣಿಗೆ ಕಾಣುತ್ತದೆ. ಘಟ್ಟದ ಬುಡದಲ್ಲಿ ಹಾಗಲ್ಲ. ದಕ್ಷಿಣ ಕನ್ನಡದಲ್ಲಿ ಪಟ್ಟಾ ಜಮೀನಿನ ಸುತ್ತ ರೈತನಿಗೆ ಕೆಲವು ಸವಲತ್ತುಗಳಿರುವ ಕುಮ್ಕಿ ಜಾಗ, ಅದರಾಚೆ ಅರಣ್ಯ. ಕೊಡಗಿನಲ್ಲಿ ಬಾಣೆ, ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ. ಹೊರಗಿನವರ ಕಣ್ಣಿಗೆ ಇವೆಲ್ಲವೂ ಒಂದೇ ಹಸಿರು, ಯಾರದೂ ಅಲ್ಲದ ಕಾಡು. ಒಡೆಯನು ಕಾಣದ ನೆಲ ಒಡೆಯನಿಲ್ಲದ ನೆಲವೆಂಬ ಈ ಭ್ರಮೆ ಕಾಡಿಗಷ್ಟೇ ಸೀಮಿತವಲ್ಲ. 2001ರಲ್ಲಿ ಮುಚ್ಚಿದ ನಮ್ಮ ಗಣಿಗಳ ಸಯನೈಡ್ ಮಣ್ಣಿನ ದಿಬ್ಬಗಳನ್ನು ಚಿತ್ರ ತೆಗೆಯಲೆಂದು ಹತ್ತುವವರೂ ಇದೇ ಭ್ರಮೆಯಲ್ಲಿರುತ್ತಾರೆ.

2019ರ ಕಾರ್ತಿಕ ಮಾಸದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ನಾವು ನಲವತ್ತು ಮಂದಿ ಬಂಗಾರಪೇಟೆಯಿಂದ ಹೊರಟು ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳಗಳ ದರ್ಶನ ಮುಗಿಸಿ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಾಪನೆಯಾದ ಬಾಹುಬಲಿ ಸ್ವಾಮಿಗೆ ನಮಸ್ಕರಿಸಿ, ಮರುದಿನ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಕಡೆಗೆ ಬಂದಿದ್ದೆವು. ಅಲ್ಲೊಂದು ಅಬ್ಬಿ ಇದೆಯೆಂದು ಯುವಕರು ವಿಚಾರಿಸಿಕೊಂಡಿದ್ದರು. ರಸ್ತೆಯ ಬದಿ ಬಸ್ಸು ನಿಂತಿತು. ಅಡಕೆ ತೋಟಕ್ಕೆ ಬಿದಿರಿನ ಅಡ್ಡಗಳನ್ನು ಹಾಕಿದ ತಡಮೆಯೊಂದಿತ್ತು. ಅದರಾಚೆ ಕಾಲುದಾರಿ ಮರಗಳ ನಡುವೆ ಮೇಲೇರಿ ಮರೆಯಾಗಿತ್ತು. ನೀರಿನ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ದೊಡ್ಡಪ್ಪ, ಬೋರ್ಡೂ ಇಲ್ಲ, ಬೀಗವೂ ಇಲ್ಲ. ಅರ್ಧ ಗಂಟೆಯಲ್ಲಿ ನೋಡಿಕೊಂಡು ಬಂದುಬಿಡೋಣ" ಎಂದ ನನ್ನ ತಮ್ಮನ ಮಗ.

ಮನೆಯವರನ್ನು ಕೇಳಿ ಬರೋಣವೆಂದು ನಾವಿಬ್ಬರು ಪಕ್ಕದ ದಾರಿಯಲ್ಲಿ ಅಂಗಳಕ್ಕೆ ಹೋದೆವು. ಐವತ್ತು ದಾಟಿದ ಒಬ್ಬ ತಾಯಿ ಹೊರಗೆ ಬಂದರು. ಎಷ್ಟು ಜನ ಇದ್ದೀರಿ ಎಂದು ಕೇಳಿದರು. ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ಬೇಡ ಮಾರಾಯ್ರೆ, ಮನೆಯಲ್ಲಿ ಗಂಡಸರು ಯಾರೂ ಇಲ್ಲ" ಎಂದರು. ಹಿಂದಿನ ವರ್ಷ ಹೊರಗಿನ ಹುಡುಗನೊಬ್ಬ ಬಂಡೆಯ ಮೇಲಿಂದ ಜಾರಿ ಕಾಲು ಮುರಿದುಕೊಂಡಿದ್ದನಂತೆ. ಅವನನ್ನು ಹೊತ್ತು ತಂದವರೂ ಆ ಮನೆಯವರೇ, ಬಳಿಕ ವಿಚಾರಣೆಗೆ ಬಂದವರಿಗೆ ಉತ್ತರ ಹೇಳಿದವರೂ ಅವರೇ. ಇನ್ನೊಂದು ಸಲ ಯಾರೋ ತಡಮೆಯ ಅಡ್ಡಗಳನ್ನು ತೆಗೆದವರು ಮತ್ತೆ ಹಾಕದೆ ಹೋದುದರಿಂದ ದನಗಳು ನುಗ್ಗಿ ಎಳೆಯ ಅಡಕೆ ಸಸಿಗಳನ್ನು ತಿಂದುಹಾಕಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಅಬ್ಬಿಯ ಮೇಲಿನ ಗುಂಡಿಯಿಂದ ಮನೆಗೆ ಪೈಪು ಹಾಕಿದ್ದರು. "ನಾವು ಕುಡಿಯುವ ನೀರೇ ಅದು. ಬಂದವರು ಅದರಲ್ಲೇ ಸಾಬೂನು ಹಚ್ಚಿ ಮೀಯುತ್ತಾರೆ" ಎಂದರು. ಅಷ್ಟು ಹೇಳಿ, ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಬೆಲ್ಲ ಮತ್ತು ನೀರು ತಂದಿಟ್ಟರು. ಬಸ್ಸಿನವರಿಗೂ ಇರಲೆಂದು ಒಂದು ಕೊಡ ನೀರು ಕೊಟ್ಟರು.

ನಾವು ಹಿಂದಿರುಗಿದೆವು. ನಮ್ಮೊಡನೆ ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜಿ ಇದ್ದರು. ಬದುಕಿನಲ್ಲಿ ಒಮ್ಮೆಯೂ ಜಲಪಾತ ನೋಡಿದವರಲ್ಲ. ಆ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಾಗ, "ಇದು ಅದೇ ನೀರೇನು?" ಎಂದು ಕೇಳಿ ಕುಡಿದರು. ಮುಂದೆ ಆ ಕಡೆಗೆ ಹೋಗುವ ಯೋಗ ಅವರಿಗೆ ಕೂಡಿಬರಲಿಲ್ಲ. ಅವರು ಈಗ ಇಲ್ಲ.

ಬಸ್ಸಿನಲ್ಲಿ ಯುವಕರು ಎತ್ತಿದ ಪ್ರಶ್ನೆ ಸಾಮಾನ್ಯವಾದುದಲ್ಲ. ಕೇಳದೆ ಹೋಗಿ, ನೀರಿಗೆ ಇಳಿಯದೆ, ಒಂದು ಎಲೆಯನ್ನೂ ಕೀಳದೆ, ತಡಮೆಯನ್ನು ಮುಚ್ಚಿ ಬಂದಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಅಜ್ಜಿಯ ಆಸೆಯಾದರೂ ತೀರುತ್ತಿರಲಿಲ್ಲವೇ? ನಷ್ಟವಿಲ್ಲದೆಡೆ ಚೌರ್ಯವೆಲ್ಲಿ? ಈ ಪ್ರಶ್ನೆಗೆ ಸಮಾಧಾನವನ್ನು ಹುಡುಕುವಾಗ ಪೂಜ್ಯಪಾದ ಆಚಾರ್ಯರ ಸರ್ವಾರ್ಥಸಿದ್ಧಿ ನನಗೆ ನೆರವಾಯಿತು.

ತತ್ತ್ವಾರ್ಥಸೂತ್ರಕ್ಕೆ ಬರೆದ ಆ ವೃತ್ತಿಯಲ್ಲಿ ಆಚಾರ್ಯರು ಸರಿಸುಮಾರು ಇದೇ ಶಂಕೆಯನ್ನು ತಾವೇ ಎತ್ತಿಕೊಳ್ಳುತ್ತಾರೆ. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವಾದರೆ, ಊರೂರು ಸಂಚರಿಸುವ ಮುನಿಯು ಬೀದಿಗಳಲ್ಲಿ ನಡೆದು ಊರ ಬಾಗಿಲುಗಳನ್ನು ಹೊಗುತ್ತಾನಲ್ಲ, ಅವನ್ನು ಅವನಿಗೆ ಯಾರೂ ಕೊಟ್ಟಿಲ್ಲವಲ್ಲ, ಅವನಿಗೂ ದೋಷ ತಟ್ಟುವುದೇ ಎಂಬುದು ಶಂಕೆ. ಅವರು ಕೊಡುವ ಸಮಾಧಾನದ ತಾತ್ಪರ್ಯವಿಷ್ಟು: ದೋಷವಿಲ್ಲ, ಏಕೆಂದರೆ ಅಂತಹ ದಾರಿಗಳು ಎಲ್ಲರಿಗಾಗಿ ಬಿಟ್ಟುಕೊಟ್ಟವು. ಅದೇ ಕಾರಣದಿಂದ ಮುನಿಯು ಮುಚ್ಚಿದ ಬಾಗಿಲನ್ನು ಹೊಗುವುದಿಲ್ಲ. ಅದು ಬಿಟ್ಟುಕೊಟ್ಟದ್ದಲ್ಲ. ಇದರೊಡನೆ ಇನ್ನೊಂದು ಮಾತನ್ನೂ ಅವರು ನೆನಪಿಸುತ್ತಾರೆ. ಪ್ರಮಾದದಿಂದ ಕೂಡಿದ ಮನಸ್ಸಿದ್ದಾಗಲೇ ಅದು ಚೌರ್ಯ.

ಇಲ್ಲಿ ನಷ್ಟದ ಮಾತೇ ಬಂದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಡೆಯನಿಗೆ ಎಷ್ಟು ಕಡಿಮೆಯಾಯಿತೆಂಬುದು ಪ್ರಶ್ನೆಯಲ್ಲ, ಅವನು ಬಿಟ್ಟುಕೊಟ್ಟಿದ್ದನೇ ಎಂಬುದು ಪ್ರಶ್ನೆ. ಮಡಿಕೇರಿಯ ಬಳಿಯ ಅಬ್ಬಿ ಜಲಪಾತಕ್ಕೆ ಕಾಫಿ, ಏಲಕ್ಕಿ ತೋಟಗಳ ನಡುವೆಯೇ ಮೆಟ್ಟಿಲುದಾರಿ ಇದೆ. ಅಲ್ಲಿ ನಡೆಯುವವನಿಗೆ ಯಾವ ಶಂಕೆಯೂ ಬೇಡ, ಅದು ಸರ್ವರಿಗೂ ಬಿಟ್ಟ ದಾರಿ. ಆದರೆ ಬಿಟ್ಟದ್ದು ದಾರಿಯನ್ನು ಮಾತ್ರ. ಪಕ್ಕದ ಬಳ್ಳಿಯ ಮೆಣಸನ್ನು ಕೀಳಲು ಆ ಮೆಟ್ಟಿಲುಗಳು ಅನುಮತಿ ಕೊಟ್ಟಂತಾಗುವುದಿಲ್ಲ. ನಾವು ನಿಂತಿದ್ದ ತಡಮೆಯಾದರೋ ಮುಚ್ಚಿದ ಬಾಗಿಲೇ ಆಗಿತ್ತು. ಬಿದಿರಿನ ಅಡ್ಡಕ್ಕೆ ಬೀಗ ಹಾಕಲು ಬರುವುದಿಲ್ಲವೆಂಬುದರಿಂದ ಅದು ತೆರೆದ ಬಾಗಿಲಾಗದು. ಇನ್ನು 'ಯಾರಿಗೂ ಕಾಣದಂತೆ ಹೋಗಿಬರೋಣ' ಎಂದು ನಮ್ಮ ಮನಸ್ಸಿನಲ್ಲಿ ಮೂಡಿದ ಕ್ಷಣವೇ ಆಚಾರ್ಯರು ಹೇಳಿದ ಪ್ರಮಾದವು ಕಾಲಿಟ್ಟಿರುತ್ತದೆ. ಬಿಟ್ಟುಕೊಟ್ಟ ದಾರಿಯಲ್ಲಿ ಯಾರೂ ಕದ್ದು ನಡೆಯುವುದಿಲ್ಲ.

ರಾಜ್ಯದ ಕಾನೂನು ಇಷ್ಟು ದೂರ ಬರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಪ್ರಕರಣದಲ್ಲಿ, ಅಪರಾಧ ಮಾಡುವ ಇಲ್ಲವೇ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಾಡುವ ಉದ್ದೇಶವಿದ್ದರೆ ಮಾತ್ರ ಅತಿಕ್ರಮ ಪ್ರವೇಶ ದಂಡನಾರ್ಹ. ಹಿಂದಿನ ದಂಡ ಸಂಹಿತೆಯಲ್ಲಿಯೂ ಹೀಗೆಯೇ ಇತ್ತು. ಸುಮ್ಮನೆ ನಡೆದುಹೋದವನನ್ನು ಕಾನೂನು ಬಿಟ್ಟೀತು. ಅಣುವ್ರತ ಬಿಡುವುದಿಲ್ಲ. ಆಳುವವರ ದಂಡಕ್ಕೆ ಹೆದರಿ ನಡೆಯುವುದಕ್ಕೂ ವ್ರತಕ್ಕೂ ಇರುವ ಅಂತರವೂ ಇದೇ. 2023ರ ಜುಲೈನಲ್ಲಿ ದೂಧ್‌ಸಾಗರ ಜಲಪಾತವನ್ನು ನೋಡಲು ರೈಲು ಹಳಿಯ ಮೇಲೆ ನಡೆದು ಬಂದವರನ್ನು ತಡೆದು ಕಿವಿ ಹಿಡಿಸಿ ಬಸ್ಕಿ ಹೊಡೆಸಿದ ದೃಶ್ಯವನ್ನು ನಾವೆಲ್ಲ ಕಂಡೆವು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ಏರಿ ಹೋದಾಗ ಸರ್ಕಾರವು ಚಾರಣಕ್ಕೆ ತಡೆಹಾಕಿ, ಬಳಿಕ ಮುಂಗಡ ನೋಂದಣಿಯನ್ನೂ ದಿನಕ್ಕಿಷ್ಟೇ ಜನರೆಂಬ ಮಿತಿಯನ್ನೂ ತರಬೇಕಾಯಿತು. ಸ್ವಯಂ ಮಿತಿಯನ್ನು ಹಾಕಿಕೊಳ್ಳದವರಿಗೆ ಹೊರಗಿನವರು ಮಿತಿ ಹಾಕುತ್ತಾರೆ. ದಿಗ್ವ್ರತವನ್ನು ವಿವರಿಸುವಾಗ ಸಮಂತಭದ್ರ ಆಚಾರ್ಯರು ನದಿ, ಅಡವಿ, ಗಿರಿಗಳನ್ನು ಶ್ರಾವಕನು ತನ್ನ ಸಂಚಾರಕ್ಕೆ ಹಾಕಿಕೊಳ್ಳುವ ಎಲ್ಲೆಗಳಾಗಿ ಹೆಸರಿಸಿರುವುದನ್ನು ಇಲ್ಲಿ ನೆನೆಯಬಹುದು.

ಕೇಳಿ ನಡೆಯುವ ಸಂಸ್ಕಾರ ನಮ್ಮಲ್ಲಿ ಹೊಸದಲ್ಲ. ಅಚೌರ್ಯ ವ್ರತವನ್ನು ಸ್ಥಿರಪಡಿಸುವ ಐದು ಭಾವನೆಗಳಲ್ಲಿ, ಬರಿದಾದ ಎಡೆಯಲ್ಲಿ ತಂಗುವುದು, ಇತರರು ತೊರೆದ ಮನೆಯಲ್ಲಿ ಇರುವುದು, ಇತರರಿಗೆ ತಡೆ ಒಡ್ಡದಿರುವುದು ಎಂಬ ಮೂರು ನೆಲೆಯನ್ನೇ ಕುರಿತವು. ವಟ್ಟಕೇರ ಆಚಾರ್ಯರ ಮೂಲಾಚಾರದಲ್ಲಿ ಮುನಿಯು ಗುಹೆ, ಕಂದರ, ನದಿಯ ಮರಳುದಿಣ್ಣೆಗಳನ್ನು ಹೊಗುವಾಗ ನಿಷೇಧಿಕೆಯನ್ನೂ ಹೊರಡುವಾಗ ಆಸಿಕೆಯನ್ನೂ ನುಡಿಯಬೇಕೆಂಬ ವಿಧಿ ಇದೆ. ನಾವು ಬಸದಿಯ ಹೊಸ್ತಿಲಲ್ಲಿ ಮೂರು ಸಲ ಹೇಳುವ ನಿಸ್ಸಹಿ ಇದರದೇ ರೂಪ. ಶ್ವೇತಾಂಬರ ಪರಂಪರೆಯ ಆಚಾರಾಂಗದಲ್ಲಿ ನೆಲೆಯನ್ನು ಯಾಚಿಸಿ ಪಡೆಯುವ ಅವಗ್ರಹಕ್ಕೇ ಒಂದು ಅಧ್ಯಯನವಿದೆ. ಭಗವತೀ ಸೂತ್ರದಲ್ಲಿ ದೇವೇಂದ್ರ, ರಾಜ, ಗೃಹಪತಿ, ವಸತಿ ಕೊಟ್ಟವನು, ಸಾಧರ್ಮಿಕ ಎಂದು ಅಪ್ಪಣೆ ಪಡೆಯಬೇಕಾದ ಐವರನ್ನು ಹೇಳಲಾಗಿದೆ. ಮನುಷ್ಯ ಒಡೆಯನೇ ಕಾಣದ ಕಾಡಿನಲ್ಲಿಯೂ ಇಂದ್ರನ ಅಪ್ಪಣೆಯನ್ನು ಬೇಡಿ ಕೂರಬೇಕೆಂಬ ಭಾವವಿದು. ಯಾವುದನ್ನೂ ತನ್ನದೆನ್ನದ ತ್ಯಾಗಿಯೇ ಒಂದು ಬಂಡೆಯ ಮೇಲೆ ಕೂರಲು ಅಪ್ಪಣೆ ಕೇಳುವಾಗ, ಬಸ್ಸು ಮಾಡಿಕೊಂಡು ಬಂದ ಗೃಹಸ್ಥರು ಒಂದು ಅಂಗಳದವರೆಗೆ ಹೋಗಿ ಕೇಳಲು ಸಂಕೋಚಪಡಬೇಕೇ?

ಕೇಳುವುದೆಂದರೆ ಇಲ್ಲವೆಂಬ ಉತ್ತರಕ್ಕೂ ಸಿದ್ಧರಾಗಿರುವುದು. ಬೇಡವೆಂದ ಮೇಲೂ ಬೇರೆ ಬೇಲಿಯ ಮೂಲಕ ಹೋಗುವುದಾದರೆ ನಾವು ಕೇಳಿದ್ದು ಅಪ್ಪಣೆಯಲ್ಲ, ಬರಿಯ ಉಪಚಾರ. ಅಜ್ಜಿಯ ಆಸೆ ತೀರದೆ ಹೋದುದು ನನಗೂ ಸಂಕಟವೇ. ಅದನ್ನು ಶಾಸ್ತ್ರದ ಮಾತಿನಿಂದ ಮರೆಮಾಚಲಾರೆ. ವ್ರತಕ್ಕೆ ಬೆಲೆಯುಂಟು, ಆ ದಿನ ಅದನ್ನು ತೆತ್ತವರು ನಮ್ಮಲ್ಲಿ ಹೆಚ್ಚು ವಯಸ್ಸಾದವರು. ಆದರೆ ಆ ಬೆಲೆಯನ್ನು ಒಬ್ಬಂಟಿಯಾಗಿದ್ದ ಆ ಗೃಹಿಣಿಯ ತಲೆಗೆ ಹೊರಿಸಲು ನಮಗೆ ಅಧಿಕಾರವಿರಲಿಲ್ಲ. ನಲವತ್ತು ಜನರ ಅರ್ಧ ಗಂಟೆಯ ಸಂತೋಷ ನಮ್ಮದು, ಕೆಟ್ಟ ನೀರು ಮತ್ತು ಮುರಿದ ಕಾಲಿನ ಭಯ ವರ್ಷವಿಡೀ ಅವರದು. ನಮ್ಮ ಹಿಂದೆ ಬರುವ ಬಸ್ಸಿನವರೂ ತಾವೊಬ್ಬರೇ, ತಮ್ಮಿಂದ ನಷ್ಟವಿಲ್ಲ ಎಂದೇ ಹೇಳುವರು.

ಜಲಪಾತ ನೋಡುವುದೇ ಅನರ್ಥದಂಡವಲ್ಲವೇ ಎಂದು ಹಿರಿಯರು ಕೆಲವರು ಕೇಳುವುದುಂಟು. ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದರ ಜೊತೆಗೆ ಪ್ರಯೋಜನವಿಲ್ಲದ ತಿರುಗಾಟವನ್ನೂ ಸೇರಿಸಿದ್ದಾರೆ, ನಿಜ. ಆದರೂ ಬರಡು ನಾಡಿನ ಮಗುವೊಂದು ಬೀಳುವ ನೀರಿನ ಮುಂದೆ ಅರೆಗಳಿಗೆ ಮೌನವಾಗಿ ನಿಂತರೆ ಅದು ನಿಷ್ಪ್ರಯೋಜನವೆಂದು ನನಗೆ ತೋರುವುದಿಲ್ಲ. ಕಿರಿಚಾಡುತ್ತ ಕಲ್ಲೆಸೆಯುತ್ತ ಹೋದರೆ ನಿಶ್ಚಯವಾಗಿ ಹೌದು. ಮಳೆಗಾಲದ ಕಾಡಿನ ದಾರಿಯಲ್ಲಿ ಹೆಜ್ಜೆಗೊಂದು ಜೀವವಿರುವುದನ್ನು ಬಲ್ಲ ನಾವು ಚಾತುರ್ಮಾಸದಲ್ಲಿ ಈ ಚಾರಣಗಳನ್ನು ಕೈಬಿಡುವುದೇ ಒಳ್ಳೆಯದು. ಬಂಡೆಗಳು ಅತಿ ಜಾರುವ ಕಾಲವೂ ಅದೇ.

ಈ ವಿಷಯದಲ್ಲಿ ನಾವು ಇತರರಿಂದ ಏನನ್ನು ಬಯಸಿದೆವೆಂಬುದನ್ನೂ ನೆನಪಿಡಬೇಕು. 2019ರ ಅಧಿಸೂಚನೆಯೊಂದರ ಕಾರಣ ಸಮ್ಮೇದಶಿಖರ್ಜಿ ಪ್ರವಾಸಿಗಳ ವಿಹಾರತಾಣವಾದೀತೆಂದು 2022ರ ಕೊನೆಯಲ್ಲಿ ದೇಶದ ಉದ್ದಗಲಕ್ಕೂ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿ ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆ ನೀಡಿತು. ನಮ್ಮ ಗಿರಿ ನಮಗೆ ಸಿದ್ಧಭೂಮಿ, ಅನ್ಯರಿಗೆ ನೋಟದ ತಾಣವಾಗಬಾರದೆಂದು ನಾವು ಕೇಳಿದೆವು. ಅದೇ ಗಿರಿಯನ್ನು ಸಂತಾಲರು ಮರಾಂಗ್ ಬುರು ಎಂದು ಪೂಜಿಸುತ್ತಾರೆಂಬುದನ್ನು ಆಗ ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಬಾರಿಗೆ ಅರಿತರು. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಗೆ ಸೂರ್ಯೋದಯ ನೋಡಲು ಬರುವವರು ಪಾರ್ಶ್ವನಾಥ ಬಸದಿಯ ಮರ್ಯಾದೆಯನ್ನು ಕಾಯಲೆಂದು ನಾವು ಬಯಸುತ್ತೇವಲ್ಲವೇ? ಅದೇ ಮರ್ಯಾದೆಯನ್ನು ಒಂದು ಅಡಕೆ ತೋಟದ ಅಂಗಳಕ್ಕೂ ಸಲ್ಲಿಸುವುದು ನಮ್ಮ ಕರ್ತವ್ಯ.

ಭೂಮಿಯ ಒಡೆಯರಿಗೂ ಒಂದು ಧರ್ಮವಿದೆ. ನಮ್ಮ ಸಮಾಜದಲ್ಲಿ ಕಾಫಿ, ಅಡಕೆ ತೋಟಗಳ ಮಾಲೀಕರಿದ್ದಾರೆ, ಬಸದಿಗಳಿಗೆ ಸೇರಿದ ಜಮೀನುಗಳೂ ಇವೆ. ಪರಿಗ್ರಹ ಪರಿಮಾಣ ವ್ರತವು ಪತ್ರದಲ್ಲಿರುವ ಎಕರೆಗಳ ಲೆಕ್ಕದಲ್ಲಿ ಮುಗಿಯುವುದಿಲ್ಲ. ತಲೆಮಾರುಗಳಿಂದ ಊರವರು ನಡೆದ ಕಾಲುದಾರಿಗೆ ಮುಳ್ಳುತಂತಿ ಬಿಗಿಯುವುದು ಲೋಭವೇ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯೂ ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಿಂದ ನಡೆದ ದಾರಿಯನ್ನು ಮಾನ್ಯ ಮಾಡುತ್ತದೆ. ಸ್ವೀಡನ್ ದೇಶದಲ್ಲಿ ಪರರ ಕಾಡು, ಹುಲ್ಲುಗಾವಲುಗಳಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. 1994ರಲ್ಲಿ ಅದು ಅಲ್ಲಿನ ಸಂವಿಧಾನವನ್ನೂ ಸೇರಿತು. ಆದರೆ ಕಾಡಬಾರದು, ಕೆಡಿಸಬಾರದು ಎಂಬುದು ಅದಕ್ಕೆ ಜೋಡಿಯಾದ ನಿಯಮ. ಮನೆಯ ಅಂಗಳಕ್ಕೂ ಬೆಳೆ ನಿಂತ ಹೊಲಕ್ಕೂ ಆ ಹಕ್ಕು ಸಲ್ಲುವುದಿಲ್ಲ. ಬಂದವರು ನಿಯಮವನ್ನು ಪಾಲಿಸುವರೆಂಬ ನಂಬಿಕೆ ಇದ್ದೆಡೆ ಒಡೆಯರೂ ದಾರಿ ಬಿಡುತ್ತಾರೆ. ಆ ನಂಬಿಕೆಯನ್ನು ಬೆಳೆಸುವ ಹೊಣೆ ನಡೆಯುವವರದು.

ಯಾತ್ರೆಗಳನ್ನು ಏರ್ಪಡಿಸುವ ಬಸದಿ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೇ. ಇಂತಹ ಸ್ಥಳವನ್ನು ಕಾರ್ಯಕ್ರಮದಲ್ಲಿ ಸೇರಿಸುವ ಮೊದಲು ದಾರಿ ಯಾರದೆಂದು ವಿಚಾರಿಸಿ, ಪತ್ರ ಅಥವಾ ದೂರವಾಣಿಯ ಮೂಲಕ ಅಪ್ಪಣೆ ಪಡೆಯಿರಿ. ಅರಣ್ಯ ಇಲಾಖೆಯ ನೆಲವಾದರೆ ನೋಂದಣಿ ಮಾಡಿಸಿರಿ. ಎಷ್ಟು ಜನರೆಂಬುದನ್ನು ನಿಜವಾಗಿ ತಿಳಿಸಿರಿ. ಹತ್ತು ಹತ್ತು ಮಂದಿಯಾಗಿ, ಸ್ಥಳೀಯರೊಬ್ಬರನ್ನು ಕರೆದುಕೊಂಡು ಹೋಗಿರಿ, ಅವರ ದಿನದ ಕೂಲಿಯನ್ನು ಕೊಡಿರಿ. ಕುಡಿಯುವ ನೀರಿನ ಪೈಪು ಎಲ್ಲಿದೆಯೆಂದು ಕೇಳಿ ಅದರ ಮೇಲ್ಭಾಗಕ್ಕೆ ಹೋಗದಿರಿ. ತಡಮೆಯನ್ನು ಕಂಡಂತೆಯೇ ಮುಚ್ಚಿರಿ. ಬೇಡವೆಂದರೆ ನಮಸ್ಕರಿಸಿ ಹಿಂದಿರುಗಿರಿ, ಆ ವೇಳೆಗೆ ಹತ್ತಿರದ ಇನ್ನೊಂದು ಬಸದಿಯ ದರ್ಶನವನ್ನು ಮೊದಲೇ ಯೋಚಿಸಿಟ್ಟಿರಿ. ವಯಸ್ಸಾದವರಿರುವ ತಂಡಕ್ಕೆ ಅಬ್ಬಿಯಂತಹ, ಸರ್ವರಿಗೂ ದಾರಿ ಬಿಟ್ಟ ಸ್ಥಳವನ್ನೇ ಆರಿಸಿದರೆ ಅವರ ಆಸೆ ಇನ್ನೊಬ್ಬರ ಅನುಕೂಲಕ್ಕೆ ಕಾದಿರಬೇಕಾಗುವುದಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಮಕ್ಕಳಿಗೆ ನಿಸ್ಸಹಿಯನ್ನು ಕಲಿಸುವಾಗ ಅದರ ಅರ್ಥವನ್ನೂ ಹೇಳಿಕೊಡೋಣ. ಬಸದಿಯ ಹೊಸ್ತಿಲಲ್ಲಿ ಅದನ್ನು ಅರಿತು ನುಡಿದ ಮಗು ಪರರ ತೋಟದ ತಡಮೆಯ ಮುಂದೆಯೂ ತಾನಾಗಿ ನಿಂತೀತು.